ಕಿಸೆಯಲ್ಲೊಂದು ಬ್ಯಾಟರಿ



ಇವೊತ್ತು ಬೀಜದ ಮಾತಲ್ಲ, ಗೊಬ್ಬರದ ಮಾತೂ ಅಲ್ಲ. ಅಂಗಿಯ ಕಿಸೆಯಲ್ಲಿ ಹಿಡಿಸುವಂಥ ಒಂದು ಸಣ್ಣ ಬ್ಯಾಟರಿಯ ಮಾತು. ಪೇಟೆಯವರು ಅದನ್ನು ಟಾರ್ಚು ಅನ್ನುತ್ತಾರೆ. ಶಾಸ್ತ್ರಕ್ಕೆ ಹೇಳಬೇಕೆಂದರೆ ಬ್ಯಾಟರಿ ಎಂಬ ಹೆಸರು ಒಳಗಿನ ಸೆಲ್ಲುಗಳಿಗೆ ಸಲ್ಲತಕ್ಕದ್ದು. ಆದರೆ ನಮ್ಮ ಕಡೆ "ಬ್ಯಾಟ್ರಿ ತಗೊಂಡು ಬಾರೋ ತಮ್ಮಾ" ಅಂದರೆ ಯಾರೂ ಬರೀ ಸೆಲ್ಲು ತಂದು ಕೈಗಿಡುವುದಿಲ್ಲ. ಆದುದರಿಂದ ನಾವೂ ಬ್ಯಾಟರಿ ಅಂತಲೇ ಕರೆಯೋಣ.

"ಇದೇನು ಹೇಳುವಂಥ ವಿಷಯವೇನ್ರೀ? ಬ್ಯಾಟ್ರಿ ಯಾರ ಮನೆಯಾಗಿಲ್ಲ?" ಅಂತೀರಿ. ಇದೆ, ನಿಜ. ಗೋಡೆಯ ಗೂಡಿನಲ್ಲಿ ಒಂದಿದೆ, ಸೆಲ್ಲು ಸೋರಿ ಒಳಗೆಲ್ಲ ಕಿಲುಬು ಹಿಡಿದಿದೆ. ಅಟ್ಟದ ಮೇಲೊಂದಿದೆ, ಚಾರ್ಜು ನಿಲ್ಲುವುದಿಲ್ಲ. ಮಗನ ಮೊಬೈಲಿನಲ್ಲೊಂದಿದೆ, ಮಗ ಸಿಂಧನೂರಿಗೆ ಹೋಗಿದ್ದಾನೆ. ರಾತ್ರಿ ಹನ್ನೊಂದಕ್ಕೆ ಕರೆಂಟು ಬಂತು, ಮೋಟಾರು ಹಾಕಬೇಕು ಅಂತ ಎದ್ದ ಯಜಮಾನರ ಕೈಯಲ್ಲಿ ಮಾತ್ರ ಯಾವುದೂ ಇಲ್ಲ. "ಗೊತ್ತಿರೋ ದಾರಿ, ಬಿಡು" ಅಂತ ಬರಿಗೈಯಲ್ಲಿ ಹೊರಡುತ್ತಾರೆ. ದಾರಿ ಗೊತ್ತಿರುವುದೇನೋ ಖರೆ. ಆ ದಾರಿಯ ಮೇಲೆ ಆ ಹೊತ್ತಿಗೆ ಏನು ಮಲಗಿದೆ ಎಂಬುದು ಗೊತ್ತಿರುವುದಿಲ್ಲ.

ಸಂತೆಕಲ್ಲೂರಿನ ಮಂದಿಗೆ ದೀಪದ ಮಾತು ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲೇ ಇಲ್ಲಿಯ ಘನಮಠದ ನಾಗಭೂಷಣ ಶಿವಯೋಗಿಗಳು ಒಕ್ಕಲುತನದ ಮೇಲೆ ಒಂದು ಗ್ರಂಥ ಬರೆದು ಅದಕ್ಕೆ "ಕೃಷಿ ಜ್ಞಾನ ಪ್ರದೀಪಿಕೆ" ಅಂತ ಹೆಸರಿಟ್ಟರು. ಪ್ರದೀಪಿಕೆ ಅಂದರೆ ದೀಪವೇ ತಾನೆ! ಅವರದು ತಿಳಿವಿನ ದೀಪ. ನಾವು ಮಾತಾಡುವುದು ಕಾಲ ಮುಂದಿನ ಎರಡು ಹೆಜ್ಜೆ ನೆಲ ತೋರಿಸುವ ದೀಪ.

ಈ ಸೀಮೆಯಲ್ಲಿ ರಾತ್ರಿ ಕೆಲಸ ಎಷ್ಟಿರುತ್ತದೆ ನೋಡಿ. ಸಿಂಧನೂರು ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಸರದಿಯ ಮೇಲೆ ಬರುವಾಗ ಭತ್ತದ ಗದ್ದೆಯ ಒಡ್ಡು ಕಾಯಬೇಕು. ಮಸ್ಕಿ, ಲಿಂಗಸುಗೂರು ಕಡೆ ಕೊಳವೆಬಾವಿಯವರಿಗೆ ಮೂರು ಫೇಸಿನ ಕರೆಂಟು ಎಷ್ಟೋ ಸಲ ರಾತ್ರಿ ಪಾಳಿಗೇ ಬೀಳುತ್ತದೆ. ಜೋಳ, ತೊಗರಿ, ಕಡಲೆ ರಾಶಿಯ ಕಾಲಕ್ಕೆ ಕಣದಲ್ಲಿ ಮಲಗಬೇಕು. ಎಮ್ಮೆ ಈಯುವುದು ಹಗಲಲ್ಲೇ ಎಂದು ಬರೆದುಕೊಟ್ಟಿಲ್ಲ. ಇನ್ನು ಹೆಣ್ಣುಮಕ್ಕಳು, ಮುದುಕರು ರಾತ್ರಿ ಹೊರಕಡೆಗೆ ಹೋಗುವುದುಂಟು. ಪಾಯಖಾನೆ ಮನೆಯ ಹಿತ್ತಲಲ್ಲಿದ್ದರೂ ಅಲ್ಲಿಯ ತನಕ ಹತ್ತು ಹೆಜ್ಜೆ ಕತ್ತಲೆಯೇ.

ಆ ಕತ್ತಲೆಯಲ್ಲಿ ಅಂಜಬೇಕಾದದ್ದು ಹಾವಿಗೆ. 2000ದಿಂದ 2019ರ ವರೆಗಿನ ಇಪ್ಪತ್ತು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಮಂದಿ ಎಂದು 2020ರಲ್ಲಿ ಹೊರಬಂದ ಒಂದು ಅಧ್ಯಯನ ಅಂದಾಜು ಮಾಡಿತು. ಅಂದರೆ ವರ್ಷಕ್ಕೆ ಸರಾಸರಿ 58,000. ಇವರಲ್ಲಿ ಬಹುಪಾಲು ಹಳ್ಳಿಯವರು. ಅರ್ಧದಷ್ಟು ಸಾವು ಜೂನಿನಿಂದ ಸೆಪ್ಟೆಂಬರಿನ ಮಳೆಗಾಲದಲ್ಲೇ ಆದದ್ದು. ನಮ್ಮ ಕರ್ನಾಟಕ ಸರಕಾರ 2024ರ ಫೆಬ್ರವರಿಯಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಸಾರಿತು. ಇಷ್ಟು ದೊಡ್ಡ ಸಂಗತಿಗೂ ಕಿಸೆಯ ಬ್ಯಾಟರಿಗೂ ಏನು ನಂಟು ಅಂದರೆ, ಹಾವು ಬೆನ್ನಟ್ಟಿ ಬಂದು ಕಡಿಯುವುದಿಲ್ಲ. ನಾವು ತುಳಿದಾಗ, ಇಲ್ಲವೇ ತುಳಿಯುವಷ್ಟು ಹತ್ತಿರ ಹೋದಾಗ ಕಡಿಯುತ್ತದೆ. ಆದುದರಿಂದಲೇ ಹೆಚ್ಚಿನ ಕಡಿತಗಳು ಮೊಣಕಾಲಿನ ಕೆಳಗೆ.

ಕೊಳಕುಮಂಡಲ ದಾರಿಯ ಮಗ್ಗುಲಲ್ಲಿ ಒಣಗಿದ ಸೊಪ್ಪೆಯ ಹಾಗೆ ಬಿದ್ದಿರುತ್ತದೆ. ಬುಸುಗುಟ್ಟಿದರೆ ನಮ್ಮ ಪುಣ್ಯ, ಸುಮ್ಮನಿದ್ದರೆ ಕಾಣುವುದೇ ಇಲ್ಲ. ಗರಗಸಮಂಡಲ ಇನ್ನೂ ಸಣ್ಣದು, ಗೇಣೆರಡು ಗೇಣು, ಬಣ್ಣ ಮಣ್ಣಿನದೇ. ಕಟ್ಟುಹಾವು ರಾತ್ರಿಯೇ ಸಂಚಾರಿ, ನೆಲದ ಮೇಲೆ ಮಲಗಿದವರ ಹಾಸಿಗೆಗೂ ಬರುತ್ತದೆ. ನಾಗರಹಾವು ನಿಮಗೆ ಗೊತ್ತಿದ್ದದ್ದೇ. ಬೇಸಿಗೆಯಲ್ಲಿ ಎರೆಹೊಲ ಬಿರುಕು ಬಿಟ್ಟಾಗ ಆ ಬಿರುಕಿನಲ್ಲಿ ಇಲಿ, ಇಲಿಯ ಹಿಂದೆ ಹಾವು.

ಈಗ ಬ್ಯಾಟರಿಗೆ ಬರೋಣ. ಅಂಗಡಿಗೆ ಹೋದರೆ ಅಂಗಡಿಯವನು ಮೊದಲು ಏನು ಮಾಡುತ್ತಾನೆ? ಬಾಗಿಲಿಗೆ ಬಂದು ದೂರದ ನೀರಿನ ಟಾಕಿಯ ಮೇಲೆ ಬೆಳಕು ಬಿಟ್ಟು ತೋರಿಸುತ್ತಾನೆ. "ನೋಡ್ರಿ ಗೌಡ್ರ, ಅರ್ಧ ಕಿಲೋಮೀಟರು ಹೊಡಿತೈತಿ!" ನಾವೂ ಮೆಚ್ಚಿ ತರುತ್ತೇವೆ. ಆದರೆ ವಿಚಾರ ಮಾಡಿರಿ: ನೀವು ಕಾಲಿಡುವುದು ಅರ್ಧ ಕಿಲೋಮೀಟರು ಆಚೆಗಲ್ಲ. ದೂರ ಹೊಡೆಯುವ ಬ್ಯಾಟರಿಯ ಬೆಳಕು ಸೂಜಿಯ ಹಾಗೆ ಒಂದೇ ಕಡೆ ಕೂಡಿರುತ್ತದೆ. ನೆಲಕ್ಕೆ ಬಿಟ್ಟರೆ ಕಣ್ಣು ಕುಕ್ಕುವ ಬಿಳೀ ಚುಕ್ಕೆ ಒಂದು, ಅದರ ಸುತ್ತ ಮೊದಲಿಗಿಂತ ದಟ್ಟ ಕತ್ತಲೆ. ಹಾವು ಆ ಚುಕ್ಕೆಯೊಳಗೇ ಮಲಗಿರಬೇಕೆಂದು ನಿಯಮವಿಲ್ಲವಲ್ಲ! ಬೆಳೆ ಕಾಯುವವರಿಗೆ, ಹಂದಿ ಬಂತೋ ನರಿ ಬಂತೋ ನೋಡುವವರಿಗೆ ದೂರದ ಬ್ಯಾಟರಿ ಬೇಕು. ದಿನನಿತ್ಯ ಕಿಸೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಅಗಲವಾಗಿ, ಮೆತ್ತಗೆ ಹರಡುವ ಬೆಳಕೇ ಬೇಕು.

ದೂರದ ಆಸೆಗೆ ತೆರಬೇಕಾದ ಬೆಲೆಯೂ ಹೆಚ್ಚು. ಬೆಳಕು ದೂರ ಹೋದಂತೆ ಹರಡಿ ತೆಳುವಾಗುತ್ತದೆ. ಅದೇ ಬ್ಯಾಟರಿ ಎರಡರಷ್ಟು ದೂರ ಕಾಣಿಸಬೇಕಾದರೆ ನಾಲ್ಕರಷ್ಟು ಬೆಳಕು ಬೇಕು, ಮೂರರಷ್ಟು ದೂರಕ್ಕೆ ಒಂಬತ್ತರಷ್ಟು. ಅಷ್ಟು ಬೆಳಕಿಗೆ ಅಷ್ಟೇ ಹೆಚ್ಚು ಸೆಲ್ಲಿನ ಶಕ್ತಿ ಖರ್ಚು. ಪೆಟ್ಟಿಗೆಯ ಮೇಲೆ ಅಚ್ಚು ಹಾಕುವ ದೂರದ ಅಂಕಿಯದೂ ಒಂದು ಗುಟ್ಟಿದೆ. ನಿಯಮದಂತೆ ಅಳೆದ ಕಂಪನಿಯವರೂ ಹುಣ್ಣಿಮೆಯ ಬೆಳದಿಂಗಳಷ್ಟು ಬೆಳಕು ಎಲ್ಲಿಯ ತನಕ ಬೀಳುತ್ತದೋ ಅದನ್ನೇ ದೂರ ಅನ್ನುತ್ತಾರೆ. ಬೆಳದಿಂಗಳಲ್ಲಿ ಎತ್ತು ಕಾಣುತ್ತದೆ, ಗರಗಸಮಂಡಲ ಕಾಣುವುದಿಲ್ಲ. ಎಷ್ಟು ತಾಸು ಉರಿಯುತ್ತದೆ ಎಂಬ ಅಂಕಿಯೂ ಹಾಗೆಯೇ: ಮೊದಲಿದ್ದ ಬೆಳಕು ಹತ್ತನೇ ಒಂದು ಪಾಲಿಗೆ ಇಳಿಯುವ ತನಕದ ಲೆಕ್ಕ ಅದು. ಅಳೆಯದೆ ಬಾಯಿಗೆ ಬಂದದ್ದನ್ನು ಅಚ್ಚು ಹಾಕುವವರ ಮಾತು ಬೇರೆಯೇ ಬಿಡಿ.

ಬೆಳಕಿನ ಅಳತೆಗೆ ಲೂಮೆನ್ ಅನ್ನುತ್ತಾರೆ. ಒಂದು ಮೇಣಬತ್ತಿ ಸುಮಾರು 12 ಲೂಮೆನ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಮನೆಯೊಳಗೆ ಓಡಾಡುವುದಕ್ಕೆ, ಕೂಸಿಗೆ ಹಾಲು ಕೊಡುವುದಕ್ಕೆ ಐದು ಹತ್ತು ಲೂಮೆನ್ ಸಾಕು. ಹೊಲದ ಬದುವಿನ ಮೇಲೆ ನಡೆಯುವುದಕ್ಕೆ 50ರಿಂದ 100. ಏನೋ ಸಪ್ಪಳವಾಯಿತು, ಒಮ್ಮೆ ನೋಡಬೇಕು ಅಂದಾಗ ಇನ್ನೂರು ಮುನ್ನೂರು ಇದ್ದರೆ ಒಳ್ಳೆಯದು. ಆದುದರಿಂದ ಸಣ್ಣ, ನಡು, ದೊಡ್ಡ ಎಂದು ಮೂರು ಮಟ್ಟವಿರುವ ಬ್ಯಾಟರಿ ಕೊಳ್ಳಿರಿ. ಗುಂಡಿ ಒತ್ತಿದಾಗ ಸಣ್ಣ ಬೆಳಕೇ ಮೊದಲು ಬರುವಂತಿದ್ದರೆ ಮತ್ತೂ ಲೇಸು. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಒಮ್ಮೆಲೇ ಝಗ್ಗನೆ ಬೆಳಕು ಬಿದ್ದರೆ, ದೀಪ ಆರಿಸಿದ ಮೇಲೆ ಕಣ್ಣು ಮತ್ತೆ ಪೂರಾ ಹೊಂದಿಕೊಳ್ಳುವುದಕ್ಕೆ ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ಅರೆಗುರುಡು. ಮಿಣಿಮಿಣಿ ಮಿನುಗುವ ಮಟ್ಟವೊಂದನ್ನು ಈಗ ಎಲ್ಲದರಲ್ಲೂ ಇಡುತ್ತಾರೆ. ಜಾತ್ರೆಗೆ ಚೆಂದ, ಅವಸರದಲ್ಲಿ ಗುಂಡಿ ಒತ್ತಿದವನಿಗೆ ಅದೇ ಬಂದು ಕಾಡುತ್ತದೆ. ಅದಿಲ್ಲದ್ದು ಸಿಕ್ಕರೆ ಅದನ್ನೇ ಆರಿಸಿರಿ. ಬಣ್ಣದ ವಿಷಯದಲ್ಲಿ, ನೀಲಿ ಬೆರೆತ ಬಿಳುಪಿಗಿಂತ ಸ್ವಲ್ಪ ಹಳದಿ ಛಾಯೆಯ ಬೆಳಕಿನಲ್ಲಿ ಮಣ್ಣಿನ ಬಣ್ಣ, ಹುಲ್ಲಿನ ಬಣ್ಣ ಬೇರೆ ಬೇರೆಯಾಗಿ ಕಾಣುತ್ತವೆ, ಹುಳವೂ ಕಡಿಮೆ ಮುತ್ತುತ್ತವೆ ಎಂಬುದು ನಮ್ಮ ಅಭಿಪ್ರಾಯ.

ಒಳಗಿನ ಶಕ್ತಿಯ ಮಾತು ಸ್ವಲ್ಪ ಉದ್ದ. ಮೊದಲ ಕಾಲದ ಸೆಲ್ಲುಗಳು ಎಷ್ಟು ಬಲಹೀನವಾಗಿದ್ದವೆಂದರೆ ದೀಪವನ್ನು ಒಂದೇ ಸಮ ಉರಿಸುವಂತಿರಲಿಲ್ಲ. ಡೇವಿಡ್ ಮಿಸೆಲ್ ಎಂಬವರಿಗೆ 1899ರ ಜನವರಿಯಲ್ಲಿ ಅಮೆರಿಕದಲ್ಲಿ ಕೈಬ್ಯಾಟರಿಯ ಪೇಟೆಂಟು ಸಿಕ್ಕಿತು. ಫಕ್ಕನೆ ಹೊತ್ತಿಸಿ ಫಕ್ಕನೆ ಆರಿಸಬೇಕಾಗಿದ್ದ ಕಾರಣ ಆ ದೇಶದವರು ಅದನ್ನು ಫ್ಲಾಶ್‌ಲೈಟ್ ಎಂದು ಕರೆದರು. ನಮ್ಮ ಅಜ್ಜಂದಿರು ಹಿಡಿದದ್ದು ಎರಡು ದಪ್ಪ ಸೆಲ್ಲಿನ, ತಗಡಿನ ಕೊಳವೆಯ ಬ್ಯಾಟರಿ. ಅದರ ತಂತಿ ಬಲ್ಬಿನಲ್ಲಿ ವಿದ್ಯುತ್ತಿನ ಹೆಚ್ಚು ಪಾಲು ಬಿಸಿಯಾಗಿಯೇ ಹೋಗುತ್ತಿತ್ತು. ಈಗಿನ ಎಲ್‌ಇಡಿ ದೀಪ ಅಷ್ಟೇ ವಿದ್ಯುತ್ತಿನಲ್ಲಿ ಸುಮಾರು ಹತ್ತು ಪಟ್ಟು ಬೆಳಕು ಕೊಡುತ್ತದೆ. ಅದರಿಂದಲೇ ಮೊಣಕೈ ಉದ್ದದ ಬ್ಯಾಟರಿಯ ಕೆಲಸವನ್ನು ಇವತ್ತು ಬೆರಳುದ್ದದ್ದು ಮಾಡುತ್ತದೆ.

ಸೆಲ್ಲು ಹಾಕುವ ಬ್ಯಾಟರಿಯೋ, ಚಾರ್ಜು ಮಾಡುವುದೋ? ನಮ್ಮನ್ನು ಕೇಳಿದರೆ, ಪೆನ್ಸಿಲ್ ಸೆಲ್ಲು ಒಂದೋ ಎರಡೋ ಹಿಡಿಸುವ ಸಣ್ಣ ಬ್ಯಾಟರಿ ಹಳ್ಳಿಗೆ ಬಹಳ ಅನುಕೂಲ. ಸೆಲ್ಲು ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಎರಡು ದಿನ ಕರೆಂಟಿಲ್ಲದಿದ್ದರೂ ದೀಪ ನಿಲ್ಲುವುದಿಲ್ಲ. ಸಾಮಾನ್ಯ ಸೆಲ್ಲಿನ ಹೊರ ಡಬ್ಬಿಯೇ ಸತುವಿನದು. ವಿದ್ಯುತ್ತು ಕೊಡುತ್ತ ಕೊಡುತ್ತ ಆ ಸತುವೇ ತಿಂದುಹೋಗಿ ಒಳಗಿನ ರಸ ಹೊರಬರುತ್ತದೆ, ಸ್ಪ್ರಿಂಗು ಕಿಲುಬುಗಟ್ಟುತ್ತದೆ. ಸತ್ತ ಸೆಲ್ಲನ್ನು ಒಳಗೇ ಬಿಡಬಾರದು. ಹಳೆಯದೊಂದು ಹೊಸದೊಂದು ಬೆರಸಿ ಹಾಕಬಾರದು. ಬಿಸಿಲಿಗಿಟ್ಟರೆ ಸೆಲ್ಲಿಗೆ ಜೀವ ಬರುತ್ತದೆ ಅಂತ ಹಿರಿಯರು ಮಾಳಿಗೆಯ ಮೇಲೆ ಇಡುತ್ತಿದ್ದರು. ಕೊಂಚ ಜೀವ ಬರುವುದು ಸುಳ್ಳಲ್ಲ, ಬಿಸಿಗೆ ಒಳಗಿನ ಕ್ರಿಯೆ ಚುರುಕಾಗುತ್ತದೆ. ಆದರೆ ಅರ್ಧ ದಾರಿಯಲ್ಲಿ ಕೈಕೊಡುವುದೂ ಅಂಥದ್ದೇ ಸೆಲ್ಲು.

ಚಾರ್ಜಿನ ಬ್ಯಾಟರಿಗಳಲ್ಲಿ ಗೋಡೆಯ ಪ್ಲಗ್ಗಿಗೆ ನೇರ ಚುಚ್ಚುವ ಅಗ್ಗದ ಮಾದರಿ ಸಂತೆಯಲ್ಲೆಲ್ಲ ಬಂದಿದೆ. ಇದರ ಮೇಲೆ ಒಂದು ಕಣ್ಣಿರಲಿ. ಎಷ್ಟೋ ಮಾದರಿಗಳ ಒಳಗೆ ಮನೆಯ 230 ವೋಲ್ಟಿನ ವಿದ್ಯುತ್ತನ್ನು ಬೇರ್ಪಡಿಸುವ ಏರ್ಪಾಡು ಇರುವುದಿಲ್ಲ. ಚುಚ್ಚಿದಾಗ ಗುಂಡಿ ಒತ್ತುವುದು, ಮುಚ್ಚಳ ಬಿಚ್ಚುವುದು, ಹಸಿ ಕೈಯಿಂದ ಮುಟ್ಟುವುದು ಮಾಡಿದರೆ ಷಾಕು ಹೊಡೆಯಬಹುದು. ಮಕ್ಕಳ ಕೈಗೆ ಎಟುಕುವ ಪ್ಲಗ್ಗಿನಲ್ಲಿ ಇಡಲೇಬೇಡಿ. ಒಳಗಿರುವುದು ಸೀಸದ ಬ್ಯಾಟರಿಯಾಗಿದ್ದರೆ ಪೂರಾ ಖಾಲಿ ಮಾಡಿ ತಿಂಗಳಾನುಗಟ್ಟಲೆ ಇಟ್ಟರೆ ಸತ್ತೇ ಹೋಗುತ್ತದೆ.

ಮೊಬೈಲಿನ ಸಣ್ಣ ಚಾರ್ಜರಿನಿಂದ ಚಾರ್ಜಾಗುವ ಲಿಥಿಯಮ್ ಬ್ಯಾಟರಿ ಇವೆಲ್ಲಕ್ಕಿಂತ ಹಗುರ, ಬೆಳಕು ಹೆಚ್ಚು. ಅದರಲ್ಲಿ ಹೆಚ್ಚಾಗಿ ಬರುವ ಸೆಲ್ಲಿಗೆ 18650 ಎಂದು ಹೆಸರು, ಅಂದರೆ 18 ಮಿಲಿಮೀಟರು ದಪ್ಪ, 65 ಮಿಲಿಮೀಟರು ಉದ್ದ. ಈ ಗಾತ್ರದ ಒಳ್ಳೆಯ ಸೆಲ್ಲು 2,000ದಿಂದ 3,500 ಎಂಎಎಚ್ ಶಕ್ತಿ ಹಿಡಿಯುತ್ತದೆ. ಮೇಲೆ 9,900 ಅಂತ ಅಚ್ಚು ಹಾಕಿದ್ದರೆ ಅಚ್ಚು ಹಾಕಿದವನ ಬಾಯಿ ದೊಡ್ಡದು, ಸೆಲ್ಲು ದೊಡ್ಡದಲ್ಲ. ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ. ಬಿಐಎಸ್ ನೋಂದಣಿಯ ಗುರುತಿದ್ದದ್ದನ್ನೇ ಕೇಳಿ ತನ್ನಿ. ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಇದನ್ನು ಟ್ರಾಕ್ಟರಿನ ಸೀಟಿನ ಮೇಲೆ ಬಿಸಿಲಿಗೆ ಬಿಡಬಾರದು, ಹಾಸಿಗೆಯ ಮೇಲಿಟ್ಟು ರಾತ್ರಿಯೆಲ್ಲ ಚಾರ್ಜು ಮಾಡಬಾರದು. ಉಬ್ಬಿದ ಸೆಲ್ಲನ್ನು ಮತ್ತೆ ಉಪಯೋಗಿಸಲೇಬಾರದು.

ಕೀಲಿಗೊಂಚಲಿಗೆ ಸಿಕ್ಕಿಸುವ ಕಿರುಬೆರಳಿನಂಥ ಬ್ಯಾಟರಿಗಳಲ್ಲಿ ಗುಂಡಿಯಾಕಾರದ ಸೆಲ್ಲು ಇರುತ್ತದೆ. ತಾಯಂದಿರು ಇದನ್ನು ಗಮನಿಸಬೇಕು. ಕೂಸು ಆ ಗುಂಡಿ ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿ ಒಂದೆರಡು ತಾಸಿನಲ್ಲೇ ಒಳಗೆ ಸುಡುತ್ತದೆ. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸುತ್ತ ಕೂಡಬೇಡಿ, ಕೂಡಲೇ ದೊಡ್ಡ ಆಸ್ಪತ್ರೆಗೆ ಓಡಿರಿ. ಚಿಕ್ಕ ಮಕ್ಕಳಿರುವ ಮನೆಗೆ ಈ ಮಾದರಿ ಬೇಡವೇ ಬೇಡ.

"ಮೊಬೈಲಿನಾಗ ಲೈಟು ಐತಲ್ರೀ" ಅಂತ ಹುಡುಗರು ಹೇಳುತ್ತಾರೆ. ಇದೆ, ಏನೂ ಇಲ್ಲದ್ದಕ್ಕಿಂತ ಅದು ಎಷ್ಟೋ ವಾಸಿ. ಆದರೆ ಅದನ್ನು ಹಿಡಿಯುವುದೇ ಒಂದು ಸರ್ಕಸ್ಸು, ಮೋಟಾರಿನ ಹೊಂಡಕ್ಕೆ ಬಿದ್ದರೆ ಸಾವಿರಾರು ರೂಪಾಯಿ ನೀರು ಪಾಲು. ಎಲ್ಲಕ್ಕೂ ಮಿಗಿಲಾಗಿ, ದೀಪ ಉರಿಸಿ ಉರಿಸಿ ಮೊಬೈಲು ಸತ್ತ ಹೊತ್ತಿಗೇ ಏನಾದರೂ ಅವಘಡವಾದರೆ 108ಕ್ಕೆ ಫೋನು ಮಾಡುವುದು ಯಾವುದರಿಂದ? ಬೆಳಕಿಗೆ ಬ್ಯಾಟರಿ, ಮಾತಿಗೆ ಮೊಬೈಲು ಅಂತ ಬೇರೆ ಬೇರೆ ಇರಲಿ.

ಕೊಳ್ಳುವಾಗ ಅಂಗಡಿಯ ಒಳಗಿನ ಕತ್ತಲೆ ಮೂಲೆಗೆ ಹೋಗಿ ಎರಡು ಹೆಜ್ಜೆ ಮುಂದಿನ ನೆಲಕ್ಕೆ ಬೆಳಕು ಬಿಟ್ಟು ನೋಡಿರಿ. ಅಗಲ ಒಂದು ಮಾರಾದರೂ ಒಂದೇ ಸಮ ಬೆಳಗಬೇಕು. ಕೈಯಲ್ಲಿ ಹಿಡಿದು ಕುಲುಕಿರಿ, ಮಿಣುಕಬಾರದು. ಕಣ್ಣು ಮುಚ್ಚಿಕೊಂಡು ಗುಂಡಿ ಹುಡುಕಿರಿ, ಸಿಗಬೇಕು. ಮುಚ್ಚಳದ ತಿರುಪಿನಲ್ಲಿ ರಬ್ಬರಿನ ಉಂಗುರ ಇದೆಯೋ ನೋಡಿರಿ, ನೀರನ್ನು ತಡೆಯುವುದು ಅದೇ. ಐಪಿಎಕ್ಸ್ 4 ಅಂತ ಬರೆದಿದ್ದರೆ ಮಳೆಯ ಹನಿಗೆ ಅಡ್ಡಿಯಿಲ್ಲ. ಐಪಿಎಕ್ಸ್ 7 ಅಂದರೆ ಒಂದು ಮೀಟರು ನೀರಿನಲ್ಲಿ ಅರ್ಧ ತಾಸು ಬಿದ್ದರೂ ಕೆಡಬಾರದು. ಗದ್ದೆಯ ನೀರು ಕಟ್ಟುವವರಿಗೆ ಎರಡನೆಯದೇ ಇರಲಿ.

ಇಷ್ಟೆಲ್ಲ ನೋಡಿ ತಂದ ಬ್ಯಾಟರಿ ಗೂಡಿನಲ್ಲಿ ಕುಳಿತರೆ ಫಲವಿಲ್ಲ. ಮೈಮೇಲೆ ಇರಬೇಕು, ದಿನಾ ಒಂದೇ ಜಾಗದಲ್ಲಿರಬೇಕು, ಕೈ ತಾನಾಗಿ ಅಲ್ಲಿಗೆ ಹೋಗಬೇಕು. ಅಂಗಿಯ ಎದೆಯ ಕಿಸೆ ಒಳ್ಳೆಯ ಜಾಗವಲ್ಲ. ಬಗ್ಗಿದೊಡನೆ ಜಾರಿ ಕಾಲುವೆಗೆ ಬೀಳುತ್ತದೆ. ಪಕ್ಕದ ಕಿಸೆಯಾಗಲಿ, ಬನಿಯನ್ನಿನ ಒಳಕಿಸೆಯಾಗಲಿ, ಧೋತರ ಉಡುವವರಿಗೆ ಉಡಿದಾರಕ್ಕೆ ಕಟ್ಟಿದ ಗೇಣುದ್ದದ ದಾರವಾಗಲಿ ಆದೀತು. ಸೀರೆಗೆ ಕಿಸೆಯಿಲ್ಲ, ಹೆಣ್ಣುಮಕ್ಕಳ ಕೈಗೆ ಬ್ಯಾಟರಿ ಸಿಗದಿರುವುದಕ್ಕೆ ಅರ್ಧ ಕಾರಣ ಅದೇ, ಇನ್ನರ್ಧ ಕಾರಣ ಮನೆಗೆ ಒಂದೇ ಬ್ಯಾಟರಿ ತಂದು ಅದನ್ನು ಗಂಡಸರು ಒಯ್ಯುವುದು. ನಡುವಿನ ಕೀಲಿಗೊಂಚಲಿಗೆ ಸಿಕ್ಕಿಸುವಂಥ ಕೊಕ್ಕೆಯಿರುವುದನ್ನು ಅವರಿಗೇ ಅಂತ ಬೇರೆ ತನ್ನಿರಿ. ಕೊರಳಿಗೆ ದಾರ ಹಾಕಿಕೊಳ್ಳುವುದೂ ಚೆನ್ನ, ಆದರೆ ರಾಶಿಯ ಯಂತ್ರ, ಮೇವು ಕತ್ತರಿಸುವ ಯಂತ್ರ, ಪಂಪಿನ ಬೆಲ್ಟು ಇರುವಲ್ಲಿ ಕೊರಳಲ್ಲಿ ಏನೂ ಜೋತಾಡಬಾರದು.

ಬೆಳಕು ಹಿಡಿಯುವುದಕ್ಕೂ ಒಂದು ರೀತಿ ಇದೆ. ತಲೆಗೆ ಕಟ್ಟುವ ಬ್ಯಾಟರಿ ಪೈಪು ಜೋಡಿಸುವವರಿಗೆ, ಎಮ್ಮೆಯ ಹೆರಿಗೆ ನೋಡುವವರಿಗೆ ತುಂಬಾ ಉಪಯೋಗ, ಎರಡೂ ಕೈ ಬಿಡುವಾಗಿರುತ್ತವೆ. ಆದರೆ ಕಣ್ಣಿನ ಮಟ್ಟದಿಂದ ಬಿದ್ದ ಬೆಳಕಿನಲ್ಲಿ ವಸ್ತುವಿನ ನೆರಳು ವಸ್ತುವಿನ ಹಿಂದೆಯೇ ಅಡಗುತ್ತದೆ. ಹಗ್ಗವೋ ಹಾವೋ ಬಿರುಕೋ ಎಲ್ಲ ಚಪ್ಪಟೆಯಾಗಿ ಒಂದೇ ಥರ ಕಾಣುತ್ತದೆ. ಅದೇ ಬ್ಯಾಟರಿಯನ್ನು ತೊಡೆಯ ಮಟ್ಟಕ್ಕೆ ಇಳಿಸಿ, ಓರೆಯಾಗಿ ನೆಲದ ಮೇಲೆ ಬಿಟ್ಟು ನೋಡಿರಿ. ಸಣ್ಣ ಕಲ್ಲಿಗೂ ಉದ್ದ ನೆರಳು ಏಳುತ್ತದೆ, ಸುರುಳಿ ಸುತ್ತಿದ ಹಾವು ಎದ್ದು ಕಾಣುತ್ತದೆ. ಎತ್ತಿನ ಕಣ್ಣು, ನಾಯಿಯ ಕಣ್ಣು ಬೆಳಕಿಗೆ ಹೊಳೆಯುವ ಹಾಗೆ ಹಾವಿನ ಕಣ್ಣು ಹೊಳೆಯುವುದಿಲ್ಲ. ಹೊಳಪು ಕಾಣಲಿಲ್ಲ ಅಂತ ಹೆಜ್ಜೆ ಮುಂದಿಡಬೇಡಿ. ಇನ್ನೊಂದು ಕೈಯಲ್ಲಿ ಕೋಲು, ಕಾಲಲ್ಲಿ ಮೆಟ್ಟು ಇರಲೇಬೇಕು. ಗಂಬೂಟಾದರೆ ಇನ್ನೂ ಒಳಿತು.

ಕಣದಲ್ಲಿ, ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ, ಬ್ಯಾಟರಿಯನ್ನು ಪರದೆಯ ಒಳಗೆ ಕೈಯಳತೆಯಲ್ಲಿ ಇಟ್ಟುಕೊಳ್ಳಬೇಕು. ಎದ್ದಾಗ ಮೊದಲು ಬೆಳಕು, ಆಮೇಲೆ ಕಾಲು. ಮೆಟ್ಟನ್ನು ಝಾಡಿಸಿ ಹಾಕಿಕೊಳ್ಳಬೇಕು. ಸ್ಟಾರ್ಟರಿನ ಡಬ್ಬಿ ತೆರೆಯುವ ಮೊದಲು ಅದರ ಸುತ್ತ, ಅಡಿಗೆ, ಒಳಗೆ ಬೆಳಕು ಬಿಡಬೇಕು. ತಂತಿ ಹರಿದು ಬಿದ್ದಿದ್ದರೂ ಆಗಲೇ ಕಾಣುವುದು.

ಇಷ್ಟಾದರೂ ಹಾವು ಕಡಿಯಿತೇ? ಬಿಗಿದು ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಮಂತ್ರದವರ ಮನೆಗೆ ಹೊತ್ತು ಕಳೆಯಬೇಡಿ. ಕಡಗ, ಉಂಗುರ, ಕಾಲುಂಗುರ ತೆಗೆಯಿರಿ. ಕಡಿಸಿಕೊಂಡ ಕಾಲನ್ನು ಅಲ್ಲಾಡಿಸದೆ ಮಲಗಿಸಿ 108ಕ್ಕೆ ಫೋನು ಮಾಡಿರಿ, ಇಲ್ಲವೇ ಸಿಕ್ಕ ವಾಹನದಲ್ಲಿ ಸರಕಾರಿ ಆಸ್ಪತ್ರೆಗೆ ಒಯ್ಯಿರಿ. ಮೇಲೆ ಹೇಳಿದ ನಾಲ್ಕೂ ಹಾವಿನ ವಿಷಕ್ಕೆ ಒಂದೇ ಔಷಧ, ಹಾವನ್ನು ಹಿಡಿದು ತರುವ ಅಗತ್ಯವಿಲ್ಲ. ಕಟ್ಟುಹಾವು ಕಡಿದರೆ ಎಷ್ಟೋ ಸಲ ನೋವೂ ಇಲ್ಲ, ಗುರುತೂ ಇಲ್ಲ. ನೆಲದ ಮೇಲೆ ಮಲಗಿದವರಿಗೆ ನಸುಕಿನಲ್ಲಿ ಹೊಟ್ಟೆನೋವು ಬಂದು ರೆಪ್ಪೆ ಜೋತುಬಿದ್ದರೆ ತಡಮಾಡದೆ ಹೊರಡಿರಿ.

ಇನ್ನು ಬ್ಯಾಟರಿಯ ಆರೈಕೆ. ಅಮಾವಾಸ್ಯೆಗೆ ಎತ್ತಿಗೆ ಬಿಡುವು ಕೊಡುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಆವತ್ತೇ ಮನೆಯ ಬ್ಯಾಟರಿಗಳನ್ನೆಲ್ಲ ಒಂದು ಕಡೆ ಹಾಕಿಕೊಂಡು ಕೂಡಿರಿ. ಸೆಲ್ಲು ತೆಗೆದು ಒಣ ಬಟ್ಟೆಯಿಂದ ಎರಡೂ ತುದಿ ಒರಸಬೇಕು, ಮಂದವಾದದ್ದನ್ನು ಬದಲಾಯಿಸಬೇಕು, ಚಾರ್ಜಿನದನ್ನು ಚಾರ್ಜಿಗೆ ಹಾಕಬೇಕು. ತೆಗೆದ ಸೆಲ್ಲು ತಿಪ್ಪೆಗೂ ಬೇಡ, ಒಲೆಗೂ ಬೇಡ. ತಿಪ್ಪೆಗೆ ಬಿದ್ದದ್ದು ಗೊಬ್ಬರದ ಜೊತೆ ಹೊಲ ಸೇರುತ್ತದೆ. ಒಂದು ಡಬ್ಬಿಯಲ್ಲಿ ಕೂಡಿಟ್ಟು ಪೇಟೆಗೆ ಹೋದಾಗ ಹಳೆ ಬ್ಯಾಟರಿ ತೆಗೆದುಕೊಳ್ಳುವವರಿಗೆ ಕೊಡಿರಿ. ಒಂದು ಜೊತೆ ಹೊಸ ಸೆಲ್ಲು ಬಾಗಿಲ ಗೂಡಿನಲ್ಲಿ ಯಾವಾಗಲೂ ಇರಲಿ. ಹೇಗೂ ಅಮಾವಾಸ್ಯೆ, ಆವತ್ತು ರಾತ್ರಿಯೇ ಹಿತ್ತಲಿಗೆ ಹೋಗಿ ಒಮ್ಮೆ ಬೆಳಕು ಬಿಟ್ಟು ನೋಡಬಹುದು.